ದೀಪವನ್ನು ಬೆಂಕಿ ಅನ್ನುವುದಿಲ್ಲ

ಹುಣಸೆ ಹಣ್ಣು ಕುಟ್ಟುವ ದಿನಗಳಲ್ಲಿ ನಮ್ಮ ಮನೆಯ ಅಂಗಳಕ್ಕೆ ಯಾರೂ ಬರಿಗಾಲಲ್ಲಿ ಇಳಿಯುವುದಿಲ್ಲ. ಓಡು, ನಾರು, ಬೀಜ ಎಲ್ಲವೂ ಪಾದಕ್ಕೆ ಅಂಟಿಕೊಂಡು ಅಡುಗೆಮನೆಯವರೆಗೆ ಬರುತ್ತವೆ. ಈ ವರ್ಷವೂ ನನ್ನ ಗಂಡನ ಅಕ್ಕ ಗೋಣಿಚೀಲ ಹಾಸಿಕೊಂಡು, ಕಲ್ಲಿನ ಮೇಲೆ ಹಣ್ಣಿಟ್ಟು ಕುಟ್ಟಿ, ಬೀಜ ಒಂದು ಕಡೆ, ನಾರು ಒಂದು ಕಡೆ ಮಾಡುತ್ತ ಕೂತಿದ್ದರು. ಅವರ ಬೆನ್ನ ಹಿಂದೆ ಗೋಡೆಗೆ ಒರಗಿಸಿದ ಬಟ್ಟೆಚೀಲ. ಅದರ ಬಾಯಿಗೆ ದಾರ ಕಟ್ಟಿಯಾಗಿತ್ತು. ಅಕ್ಕ ಚೀಲ ಕಟ್ಟಿದ್ದಾರೆ ಎಂದರೆ ಮನೆಯಲ್ಲಿ ಪೂಜೆ ಇದೆ ಎಂದು ಅರ್ಥ.

ಮರುದಿನ ಶುಕ್ರವಾರ. ಬಂಗಾರಪೇಟೆಯ ನಮ್ಮ ಮನೆಯ ಮುಂದೆ, ರಸ್ತೆಗೆ ಮುಖ ಮಾಡಿ ಕಟ್ಟಿಸಿದ ಹೊಸ ಬ್ಯಾಟರಿ ಅಂಗಡಿಗೆ ಪೂಜೆ ಇಟ್ಟುಕೊಂಡಿದ್ದೆವು. ಅಕ್ಕ ಮಧ್ಯಾಹ್ನದ ಬಸ್ಸಿಗೆ ಬೂದಿಕೋಟೆಯ ನೆಂಟರ ಮನೆಗೆ ಹೊರಡುವವರಿದ್ದರು.

"ಈ ಒಂದು ಸಲ ಇದ್ದುಬಿಡಿ ಅಕ್ಕ," ಎಂದೆ. "ಸ್ವಂತ ಜಾಗದಲ್ಲಿ ಮೊದಲನೇ ಅಂಗಡಿ."

"ಅದುಕ್ಕೇ ಓಗ್ತಿರೋದು ಕಣಮ್ಮ. ಮುಗಿದ್ ಮ್ಯಾಲೆ ಬತ್ತೀನಿ. ಒಸ ಅಂಗಡಿ, ನನ್ ನೆಳ್ಳು ಬೀಳೋದ್ ಬ್ಯಾಡ."

ಸಿಟ್ಟಿಲ್ಲ, ಅಳುವಿಲ್ಲ. ಒಲೆಯ ಮೇಲೆ ಹಾಲಿದೆ ನೋಡು ಎನ್ನುವ ದನಿಯಲ್ಲೇ ಹೇಳಿದರು. ಆಯುಧಪೂಜೆ ಬಂದರೂ ಹೀಗೆಯೇ, ಅಂಗಡಿಯ ವರ್ಷದ ಪೂಜೆ ಬಂದರೂ ಹೀಗೆಯೇ. ನಮ್ಮ ಮಗಳು ಮೂರನೇ ತರಗತಿಯಲ್ಲಿದ್ದಾಗಿನಿಂದ ನಡೆದುಕೊಂಡು ಬಂದದ್ದು. ಈಗ ಆ ಮಗಳು ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಸಂಶೋಧನೆ ಮಾಡುತ್ತಾಳೆ. ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುತ್ತಾಳೆ.

ಆಗ ನಾವು ರಾಬರ್ಟ್‌ಸನ್‌ಪೇಟೆಯಲ್ಲಿದ್ದೆವು. ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಬಾಡಿಗೆಯ ಅಂಗಡಿ, ಅದಕ್ಕೆ ಅಂಟಿಕೊಂಡೇ ವಾಸದ ಎರಡು ಕೋಣೆ. ಅಂಗಡಿಗೆ ಕಿಟಕಿ ಇರಲಿಲ್ಲ. ಮುಂದೆ ಒಂದು ರೋಲಿಂಗ್ ಷಟರ್, ಹಿಂದೆ ಮನೆಗೆ ಹೋಗುವ ಸಣ್ಣ ಬಾಗಿಲು, ಅಷ್ಟೆ. ಬೇಸಿಗೆಯ ಗಾಳಿ ಎದ್ದಾಗ ಚಿನ್ನದ ಗಣಿಯ ಸೈನೈಡ್ ದಿಬ್ಬದ ಬೂದುಪುಡಿ ಬೀದಿಗೆಲ್ಲ ಹಾರಿ ಬರುತ್ತಿತ್ತು. ನಮ್ಮ ಮನೆಯವರು ದಿನಾ ಒದ್ದೆ ಬಟ್ಟೆಯಲ್ಲಿ ಬ್ಯಾಟರಿಗಳ ತಲೆ ಒರೆಸಿ ಚಾರ್ಜಿಗೆ ಹಾಕುತ್ತಿದ್ದರು. ಆಟೋ, ಟ್ರ್ಯಾಕ್ಟರ್, ಮದುವೆ ಮನೆಯ ಜನರೇಟರ್, ಎಲ್ಲದರ ಬ್ಯಾಟರಿಯೂ ಬರುತ್ತಿತ್ತು. ಮುಚ್ಚಳ ಬಿಚ್ಚಿಟ್ಟರೆ ಒಳಗಿನಿಂದ ಗುಳುಗುಳು ಸದ್ದು, ಮುದ್ದೆಗೆ ಇಟ್ಟ ಎಸರು ಮರಳುವ ಮುಂಚೆ ಮಾಡುವ ಹಾಗೆ.

ಆ ಗುಳ್ಳೆಯಲ್ಲಿ ಬರುವುದು ಹೈಡ್ರೋಜನ್. ಅದಕ್ಕೆ ಕಿಡಿ ತಾಕಿದರೆ ಸಿಡಿಯುತ್ತದೆ ಎಂದು ನಮ್ಮ ಮನೆಯವರಿಗೆ ಕೆಲಸ ಕಲಿತ ದಿನದಿಂದಲೂ ಗೊತ್ತು. ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬೆಂಕಿ ತರಬೇಡಿ ಎಂದು ಬರೆಸಿದ್ದರು. ಯಾರಾದರೂ ಬೀಡಿ ಕಚ್ಚಿಕೊಂಡು ಬಂದರೆ ದೂರದಿಂದಲೇ ಕೂಗುತ್ತಿದ್ದರು: "ಲೇ, ಬಿಸಾಕ್ಲಾ ಅದ್ನ ಆಚೆ! ನೀನೊಬ್ನೇ ಓಗು ಮ್ಯಾಕೆ, ನನ್ನ ಯಾಕ್ಲಾ ಕರ್ಕಂಡೋಯ್ತೀಯ?"

ಅದೇ ಮನುಷ್ಯ ಶುಕ್ರವಾರ ಸಂಜೆಯಾದರೆ ತಟ್ಟೆಯಲ್ಲಿ ಕರ್ಪೂರ ಹಚ್ಚಿ ಗುಳುಗುಳು ಅನ್ನುವ ಬ್ಯಾಟರಿಗಳ ಸಾಲಿಗೇ ಆರತಿ ಎತ್ತುತ್ತಿದ್ದರು. ಇದರಲ್ಲಿ ತಪ್ಪಿದೆ ಎಂದು ಅವರಿಗಾಗಲಿ, ನಮಗಾಗಲಿ, ಬೀಡಿ ಬಿಸಾಡಿ ಒಳಗೆ ಬಂದು ಕೈಮುಗಿದವರಿಗಾಗಲಿ ಅನ್ನಿಸಲೇ ಇಲ್ಲ. ನಮ್ಮ ಮಾತಿನಲ್ಲೇ ಅದಕ್ಕೆ ಜಾಗವಿಲ್ಲ. ಒಲೆಯಲ್ಲಿ ಇರುವುದು ಬೆಂಕಿ, ಬೀಡಿಯ ತುದಿಯಲ್ಲಿ ಇರುವುದು ಬೆಂಕಿ. ದೇವರ ಮುಂದೆ ಇರುವುದು ದೀಪ. ದೀಪವನ್ನು ಬೆಂಕಿ ಅನ್ನುವುದಿಲ್ಲ. ಆರಿಸು ಎಂದೂ ಅನ್ನುವುದಿಲ್ಲ, ದೊಡ್ಡದು ಮಾಡು ಅನ್ನುತ್ತೇವೆ. ಗೋಡೆಯ ಮೇಲೆ ಬರೆಸಿದ್ದು ಬೆಂಕಿಯ ವಿಷಯ ತಾನೆ?

ಆರತಿ ತಟ್ಟೆ ಸಜ್ಜು ಮಾಡಿ ತರುವುದು ನನ್ನ ಕೆಲಸವಾಗಿತ್ತು. ಆ ಶುಕ್ರವಾರ ನಾನು ಹೊರಗಾಗಿದ್ದೆ, ಹಿತ್ತಲಲ್ಲಿ ಕೂತಿದ್ದೆ. ಅಕ್ಕ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವರು. ಮನೆಯ ಎಲ್ಲ ಕೆಲಸ ಮಾಡುತ್ತಿದ್ದರು, ಆರತಿ ತಟ್ಟೆಯನ್ನು ಮಾತ್ರ ತೊಳೆದಿಡುವುದಕ್ಕಷ್ಟೇ ಮುಟ್ಟುತ್ತಿದ್ದರು. ಅಂದು ನಮ್ಮ ಮನೆಯವರೇ ಕೂಗಿದರು: "ಅಕ್ಕಯ್ಯ, ನೀನೇ ತಾ, ಏನಾಗ್ತದೆ!" ಅಕ್ಕ ಎರಡು ಸಲ ಬೇಡ ಎಂದು, ಮೂರನೆಯ ಸಲಕ್ಕೆ ತಟ್ಟೆ ತೆಗೆದುಕೊಂಡು ಹೋದರು. ಹೋಗುವಾಗ ಅವರ ಮುಖ ಹೇಗಿತ್ತೆಂದು ನನಗೆ ಈಗಲೂ ನೆನಪಿದೆ. ಹೊಸ ಸೀರೆ ಉಟ್ಟವರ ಹಾಗಿತ್ತು.

ಆಮೇಲೆ ಒಂದು ಸದ್ದು. ಬ್ಯಾಟರಿಯ ತಲೆ ಸಿಡಿದು, ಆಸಿಡ್ ನಮ್ಮ ಮನೆಯವರ ಎಡಗಣ್ಣಿಗೆ ಬಿದ್ದಿತ್ತು. ಅಕ್ಕನ ಮುಂಗೈ ಮೇಲೂ ಹನಿಗಳು. ಸೀರೆಯ ತುಂಬ ಆಮೇಲೆ ತೂತು. ಬಕೆಟ್ಟುಗಟ್ಟಲೆ ನೀರು ಸುರಿದೆವು. ಕಣ್ಣಾಸ್ಪತ್ರೆಗೆ ತಿಂಗಳುಗಟ್ಟಲೆ ಓಡಾಡಿದೆವು. ಎಡಗಣ್ಣಿನ ದೃಷ್ಟಿ ಬರಲಿಲ್ಲ.

ಎದುರುಗಡೆ ಹೂ ಕಟ್ಟುತ್ತಿದ್ದ ತಮಿಳು ಹೆಂಗಸು ಒಳ್ಳೆಯವಳು. ನೀರು ಹೊತ್ತು ತಂದವರಲ್ಲಿ ಅವಳೇ ಮೊದಲು. ಎಲ್ಲ ಮುಗಿದು ಆಟೋ ಹೊರಡುವಾಗ ನನ್ನ ಕಿವಿಯ ಹತ್ತಿರ ಬಂದು, "ಅವಂಗ ಕೈಯಾಲಯಾ ತಟ್ಟು ಎಡುತ್ತಾಂಗ?" ಎಂದಳು. ಅವರ ಕೈಯಿಂದಲೇ ತಟ್ಟೆ ತಂದರಾ ಎಂದು ಕೇಳಿದ್ದು, ಅಷ್ಟೆ. ಆ ಪ್ರಶ್ನೆ ಅಕ್ಕನಿಗೂ ಕೇಳಿಸಿತು. ಅಂದಿನಿಂದ ಯಾರೂ ಅದನ್ನು ಮತ್ತೆ ಕೇಳಬೇಕಾಗಿ ಬರಲಿಲ್ಲ.

"ಅದು ಗ್ಯಾಸು ಕಣಕ್ಕಯ್ಯ, ನೀನಲ್ಲ," ಎಂದು ನಮ್ಮ ಮನೆಯವರು ಎಷ್ಟೋ ಸಲ ಹೇಳಿದರು. ಅಕ್ಕನ ಉತ್ತರ ಒಂದೇ. "ಗ್ಯಾಸು ದಿನಾ ಇತ್ತು. ಆರತೀನೂ ವಾರ ವಾರ ಇತ್ತು. ಅವತ್ತು ಒಸದಾಗಿ ಬಂದಿದ್ದು ನಾನೊಬ್ಳೇ ಅಲ್ವೇನ್ಲಾ?" ಇಷ್ಟು ಕೇಳಿದರೆ ಸಾಕು, ನಮ್ಮ ಮನೆಯವರು ಎದ್ದು ಅಂಗಡಿಗೆ ಹೋಗಿಬಿಡುತ್ತಿದ್ದರು. ಕಣ್ಣಿನ ನೋವು ಇರಬಹುದು ಎಂದುಕೊಳ್ಳುತ್ತಿದ್ದೆ.

ಈ ಸಲ, ಅಕ್ಕ ಹುಣಸೆ ಕುಟ್ಟುತ್ತಿದ್ದ ಆ ಗುರುವಾರ, ಮಗಳು ರೈಲಿಗೆ ಹೋಗಲಿಲ್ಲ. ಪೂಜೆಯ ಕೆಲಸಕ್ಕೆಂದು ಮನೆಯಲ್ಲಿ ಉಳಿದವಳು ಕಾಫಿ ಲೋಟ ಹಿಡಿದು ಅಂಗಳಕ್ಕೆ ಬಂದಳು. ಚೀಲ ನೋಡಿದಳು. ಅತ್ತೆಯ ಎದುರು ಕುಕ್ಕರುಗಾಲಲ್ಲಿ ಕೂತು ಹುಣಸೆ ನಾರು ಬಿಡಿಸತೊಡಗಿದಳು.

"ಚಿನ್ನದ್ ಊರಲ್ಲಿ ಉಟ್ಟು ಬಿಳೀ ಲೋಹ ಓದ್ತಾವ್ಳೆ ನೋಡು," ಎಂದು ಅಕ್ಕ ನನ್ನ ಕಡೆ ತಿರುಗಿದರು. "ಇಷ್ಟ್ ವರ್ಸ ಓದಿ ಒಂದ್ ಮೂಗ್‌ಬಟ್ಟಿಗಾಗೋಷ್ಟು ತಂದ್ಲಾ?"

"ಅತ್ತೆ, ನಾನ್ ನೋಡೋ ಪ್ಲಾಟಿನಂ ಸೊಳ್ಳೆ ಮೂಗಿಗೂ ಸಾಲಲ್ಲ. ನಾಲ್ಕು ಪರಮಾಣು, ಆರು, ಬಾಳ ಅಂದ್ರೆ ಹದಿಮೂರು. ಒಂದು ಸಣ್ಣ ಗೊಂಚಲು. ಅದೂ ಕಂಪ್ಯೂಟರಲ್ಲಿ ಲೆಕ್ಕ ಮಾತ್ರ."

"ಇಷ್ಟಕ್ಕೆ ದಿನಾ ರೈಲಲ್ಲಿ ನಿಂತ್ಕಂಡ್ ಓಗ್ತೀಯ? ಏನ್ ಮಾಡ್ತದೆ ಆ ಗೊಂಚಲು?"

ಮಗಳು ಹುಣಸೆ ಬೀಜದ ರಾಶಿಯಿಂದ ಒಂದಷ್ಟು ಆರಿಸಿ ಗೋಣಿಚೀಲದ ಮೇಲೆ ಒತ್ತಾಗಿ ಜೋಡಿಸಿದಳು. ಹಿಂದಿನ ದಿನ ಕೇರಿದ ರಾಗಿ ಮೊರದಲ್ಲೇ ಇತ್ತು. ಎರಡು ಕಾಳು ತೆಗೆದು, ಒಂದಿಷ್ಟು ಹುಣಸೆ ಹಣ್ಣು ಸವರಿ ಒಂದಕ್ಕೊಂದು ಅಂಟಿಸಿದಳು.

"ಹೈಡ್ರೋಜನ್ ಯಾವಾಗ್ಲೂ ಹಿಂಗೇ ಜೋಡಿ. ಒಂಟಿಯಾಗಿ ಇರೋದಕ್ಕೆ ಅದಕ್ಕೆ ಬರಲ್ಲ. ಈ ಜೋಡಿ ಬಿಡಿಸಬೇಕು ಅಂದ್ರೆ ಬಾಳ ಕಾವು ಬೇಕು. ಇಲ್ಲಾಂದ್ರೆ ಪ್ಲಾಟಿನಂ ಬೇಕು." ಅವಳು ಕಾಳಿನ ಜೋಡಿಯನ್ನು ಗೊಂಚಲಿನ ಅಂಚಿನಲ್ಲಿದ್ದ ಒಂದು ಬೀಜದ ಮೇಲೆ ಅಡ್ಡಲಾಗಿ ಮಲಗಿಸಿದಳು. "ಜೋಡಿ ಹತ್ರ ಬರ್ತದೆ. ಬೀಜ ಎರಡನ್ನೂ ತನ್ನ ಕಡೆ ಎಳ್ಕೊಳ್ತದೆ. ಇವೆರಡರ ಮಧ್ಯದ ಹಿಡಿತ ಸಡಿಲ ಆಗ್ತಾ ಆಗ್ತಾ, ನೋಡು, ಬಿಟ್ಟೋಯ್ತು. ಒಂದು ಇಲ್ಲಿ ಕೂತ್ಕೊಳ್ತು, ಇನ್ನೊಂದು ಪಕ್ಕದ ಎರಡು ಬೀಜದ ನಡುವೆ. ಕಿಡಿ ಇಲ್ಲ, ಸದ್ದಿಲ್ಲ."

"ಕೂಡಿದ್ದೋರ್ನ ಬಿಡಿಸೋ ಕೆಲ್ಸ ಅನ್ನು," ಎಂದರು ಅಕ್ಕ. ನಗುತ್ತಲೇ ಅಂದರು, ಆದರೆ ಕೈ ಒಂದು ಗಳಿಗೆ ನಿಂತಿತು.

"ಬಿಡಿಸಿ ಬೇರೆ ಕಡೆ ಸೇರಿಸೋ ಕೆಲ್ಸ ಅತ್ತೆ."

ಅಕ್ಕ ಬೀಜದ ಮೇಲಿನ ರಾಗಿ ಕಾಳನ್ನು ಉಗುರಿನಿಂದ ತಳ್ಳಿ ನೋಡಿದರು. ಬೀಜಕ್ಕೆ ಹಣ್ಣು ಮೆತ್ತಿದ್ದರಿಂದ ಕಾಳು ಜಗ್ಗಲಿಲ್ಲ. "ತೊಳೀದ್ ಬೀಜ ಇದು. ಇಡಿದ್ರೆ ಬಿಡಲ್ಲ. ಆಮ್ಯಾಲೆ ಬ್ಯಾರೆ ಕಡೆ ಎಂಗ್ ಸೇರಿಸ್ತೀಯ?"

ಮಗಳಿಗೆ ಖುಷಿಯಾಯಿತು. ಅಂಟು ಹೆಚ್ಚಾದರೂ ಕೆಲಸ ಕೆಡುತ್ತದೆ, ಕಡಿಮೆಯಾದರೂ ಕೆಡುತ್ತದೆ ಎಂದು ವಿವರಿಸಿದಳು. ಜೋಡಿ ಬಿಡಿಸುವಷ್ಟು ಹಿಡಿಯಬೇಕು, ಹೋಗಬೇಕಾದಾಗ ಬಿಡುವಷ್ಟು ಸಡಿಲವಿರಬೇಕು. ತಾನು ಕರಗದೆ, ಖರ್ಚಾಗದೆ ಈ ಕೆಲಸ ಮಾಡಿಕೊಡುವುದಕ್ಕೇ ಪುಸ್ತಕದಲ್ಲಿ ಕ್ರಿಯಾವರ್ಧಕ ಎನ್ನುತ್ತಾರಂತೆ. ಅವಳಿಗೆ ಕಷ್ಟವಾಗಿರುವುದು ಬೇರೊಂದು. ಗೊಂಚಲು ಇದ್ದ ಹಾಗೆ ಇರುವುದಿಲ್ಲ. ದೊಡ್ಡ ಗಟ್ಟಿ ಲೋಹವಾದರೆ ಬಂದವರು ಬಂದ ಕಡೆ ಕೂರಬೇಕು. ಇಷ್ಟು ಸಣ್ಣದಾದರೆ, ಹೈಡ್ರೋಜನ್ ಬಂದು ಕೂತಷ್ಟೂ ಗೊಂಚಲೇ ಸರಿದುಕೊಂಡು ಆಕಾರ ಬದಲಿಸುತ್ತದೆ. ಚಪ್ಪಟೆ ಇದ್ದದ್ದು ಉಬ್ಬುತ್ತದೆ, ಮೂಲೆ ಇದ್ದ ಕಡೆ ಮೂಲೆ ಇರುವುದಿಲ್ಲ. ಪೂರ್ತಿ ತುಂಬಿದ ಮೇಲೆ ಬಂದ ಜೋಡಿ ಒಡೆಯುವುದೇ ಇಲ್ಲ, ಪಕ್ಕದಲ್ಲಿ ಒಂದಿಷ್ಟು ಹೊತ್ತು ನಿಂತು ಹೊರಟುಹೋಗುತ್ತದೆ. "ಎಷ್ಟು ಬಂದ್ರೆ ಎಂಗ್ ಸರ್ಕೊಳ್ತದೆ ಅನ್ನೋದೇ ನನ್ನ ಲೆಕ್ಕ," ಎಂದಳು.

ಅಕ್ಕಿ ಆರಿಸುತ್ತ ಕೇಳುತ್ತಿದ್ದ ನನಗೆ ರಾಬರ್ಟ್‌ಸನ್‌ಪೇಟೆಯ ಆ ಎರಡು ಕೋಣೆ ಕಣ್ಣ ಮುಂದೆ ಬಂತು. ಅಕ್ಕ ಒಂದು ಟ್ರಂಕು ಹಿಡಿದು ಬಂದ ದಿನ ನಮ್ಮ ಮಂಚ ಗೋಡೆಗೆ ಸರಿಯಿತು, ಅಕ್ಕಿ ಡಬ್ಬ ಮಂಚದ ಕೆಳಗೆ ಹೋಯಿತು, ತೊಟ್ಟಿಲು ಅಡುಗೆಮನೆಯ ಬಾಗಿಲಿಗೆ ಬಂತು. ಒಂದು ವಾರ ಎಲ್ಲರೂ ಒಬ್ಬರ ಕಾಲು ಒಬ್ಬರು ತುಳಿದೆವು. ಆಮೇಲೆ ಅದೇ ಮನೆಯ ಆಕಾರವಾಯಿತು. ಅಕ್ಕ ಇಲ್ಲದ ಮನೆ ಹೇಗಿತ್ತೆಂದು ಈಗ ನೆನಪಿಸಿಕೊಳ್ಳಲು ಹೋದರೂ ಬರುವುದಿಲ್ಲ.

"ಅದೇ ಗ್ಯಾಸೇನೇ ಅಮ್ಮಣ್ಣಿ ಇದು?" ಅಕ್ಕ ಇದ್ದಕ್ಕಿದ್ದಂತೆ ಕೇಳಿದರು. "ಅವತ್ತಿಂದು?"

ಮಗಳು ತಲೆ ತಗ್ಗಿಸಿಯೇ ಹೇಳಿದಳು. "ಅದೇ ಅತ್ತೆ. ಬೆಂಕಿ ತಾಕಿದ್ರೆ ಎಲ್ಲಾ ಜೋಡಿನೂ ಒಟ್ಟಿಗೇ ಬಿಟ್ಟು ಗಾಳೀಲಿರೋ ಆಕ್ಸಿಜನ್ ಜೊತೆ ಸೇರ್ತವೆ. ಅದೇ ಸಿಡಿಯೋದು. ಪ್ಲಾಟಿನಂ ಮೇಲೆ ಅದೇ ಸೇರೋದು ಒಂದೊಂದಾಗಿ ನಡೀತದೆ. ಕೊನೆಗೆ ಎರಡರಲ್ಲೂ ಆಗೋದು ನೀರೇ."

"ನೀರಾ? ಅವತ್ತೂ ನೀರಾಯ್ತಾ?"

"ಆಯ್ತು. ಯಾರಿಗೂ ಕಾಣ್ಲಿಲ್ಲ ಅಷ್ಟೆ."

ನಮ್ಮ ಮನೆಯವರು ಆಗಲೇ ಊಟಕ್ಕೆಂದು ಬಂದು ತೊಟ್ಟಿಯ ಹತ್ತಿರ ಕೈತೊಳೆಯುತ್ತ ನಿಂತಿದ್ದರು. ಎಷ್ಟು ಹೊತ್ತಿನಿಂದ ಕೇಳಿಸಿಕೊಳ್ಳುತ್ತಿದ್ದರೋ. "ಅಕ್ಕಯ್ಯ, ಬಾ ಇಲ್ಲಿ. ಒಂದು ತೋರಿಸ್ತೀನಿ," ಎಂದರು.

ಹಳೆಯ ದೊಡ್ಡ ಬ್ಯಾಟರಿಗಳ ಗುಜರಿಯಲ್ಲಿ ಅವರಿಗೆ ಕೆಲವು ದಪ್ಪ ಮುಚ್ಚಳಗಳು ಸಿಕ್ಕಿದ್ದವು. ಅವುಗಳ ಹೊಟ್ಟೆಯಲ್ಲಿ ಪ್ಲಾಟಿನಂ, ಇಲ್ಲವೇ ಅದರ ಜಾತಿಯದೇ ಇನ್ನೊಂದು ಲೋಹ ಸವರಿದ ಕಾಳುಗಳಿರುತ್ತವೆ. ಬ್ಯಾಟರಿಯಿಂದ ಮೇಲೆ ಬರುವ ಗ್ಯಾಸು ಅಲ್ಲೇ ನೀರಾಗಿ ತಿರುಗಿ ಒಳಕ್ಕೆ ಇಳಿಯುತ್ತದೆ. ಹೊಸ ಅಂಗಡಿಯಲ್ಲಿ ಒಂದು ಬ್ಯಾಟರಿಗೆ ಅವನ್ನು ತಿರುಗಿಸಿ ಕೂರಿಸಿ ಬೆಳಗಿನಿಂದ ಚಾರ್ಜಿಗೆ ಹಾಕಿದ್ದರು.

ಅಕ್ಕ ಅಂಗಡಿಯವರೆಗೆ ಬಂದರು. ಹೊಸ್ತಿಲು ದಾಟಲಿಲ್ಲ. ನಮ್ಮ ಮನೆಯವರು ಬಲವಂತ ಮಾಡದೆ ಬ್ಯಾಟರಿಯನ್ನೇ ವೈರು ಸಮೇತ ಹೊಸ್ತಿಲ ಹತ್ತಿರಕ್ಕೆ ಎಳೆದರು. "ಮುಟ್ಟಿ ನೋಡು. ಎದರ್ಬ್ಯಾಡ, ಸುತ್ತ ಪಿಂಗಾಣಿ ಐತೆ, ಒಳಗಿನ ಕಾವು ಈಚೆ ದುಮುಕಲ್ಲ."

ಕಾಲು ಹೊರಗೇ ಇಟ್ಟು ಅಕ್ಕ ಕೈಯನ್ನು ಮಾತ್ರ ಒಳಗೆ ಚಾಚಿದರು. ಆಸಿಡ್ ಹನಿ ಬಿದ್ದ ಗುರುತುಗಳಿದ್ದ ಅದೇ ಕೈ. ಮುಚ್ಚಳದ ಮೇಲೆ ಅಂಗೈ ಇಟ್ಟರು.

"ಬೆಚ್ಚಗೈತೆ," ಎಂದರು. ಮಲಗಿದ ಮಗುವಿನ ಹಣೆ ಮುಟ್ಟಿದವರ ಹಾಗೆ ಮೆಲ್ಲಗೆ. "ಇದೇನಾ ಅವತ್ತಿನ ಬೆಂಕಿ?"

"ಅದೇ," ಎಂದಳು ಮಗಳು.

ನಮ್ಮ ಮನೆಯವರು ಚಾರ್ಜರ್ ಆಫ್ ಮಾಡಿ, ಒಂದಷ್ಟು ಹೊತ್ತು ಬಿಟ್ಟು ಮುಚ್ಚಳ ತಿರುಗಿಸಿ ಬುಡ ಮೇಲೆ ಮಾಡಿದರು. ಒಳಮೈಯಲ್ಲಿ ಸಣ್ಣ ಸಣ್ಣ ಹನಿ. ಅಕ್ಕ ಅದನ್ನು ನೋಡಿದರು, ಆದರೆ ಅವರ ಮುಖ ಬದಲಾಗಲಿಲ್ಲ.

"ಸರಿ ಕಣಪ್ಪ. ಗ್ಯಾಸೇ ಅಂತ ಒಪ್ಕಂಡೆ. ಆದ್ರೂ ಅಷ್ಟ್ ಶುಕ್ರವಾರ ಸುಮ್ನಿದ್ದ ಗ್ಯಾಸು ನಾನು ಬಂದ್ ದಿನವೇ ಯಾಕ್ ಸಿಡೀಬೇಕು?"

ಇಷ್ಟು ವರ್ಷ ಇಲ್ಲಿಗೆ ಬಂದು ನಿಲ್ಲುತ್ತಿದ್ದ ಮಾತು. ಮಗಳು ತಂದೆಯ ಕಡೆ ತಿರುಗಿದಳು. "ಅಪ್ಪ, ಸುಮ್ಸುಮ್ನೆ ಸಿಡಿಯಲ್ಲ. ಒಂದ್ ಮಟ್ಟಕ್ಕೆ ತುಂಬ್ಕೊಂಡ್ರೇನೇ. ಹೈಡ್ರೋಜನ್ ಎಲ್ಲಕ್ಕಿಂತ ಹಗುರ, ಮೇಲಕ್ಕೆ ಹೋಗಿ ಆಚೆ ಓಡೋಗ್ತದೆ. ಅವತ್ತು ಎಲ್ಲಾದ್ರೂ ಮುಚ್ಚಿತ್ತಾ?"

ನಮ್ಮ ಮನೆಯವರು ಮುಚ್ಚಳವನ್ನು ಕೈಯಲ್ಲೇ ತಿರುಗಿಸುತ್ತ ನಿಂತರು. ರಸ್ತೆಯಲ್ಲಿ ಹಾಲಿನ ಕ್ಯಾನು ತುಂಬಿದ ಆಟೋ ಹೋಯಿತು. ಅದು ದಾಟುವವರೆಗೆ ಕಾದರು.

"ಷಟರ್ ಅರ್ಧಕ್ಕಿಳಿಸಿದ್ದೆ."

"ಮಳೆ ಬಂದಿತ್ತೇನೋ," ಎಂದರು ಅಕ್ಕ.

"ಮಳೆ ಇರ್ಲಿಲ್ಲ ಅಕ್ಕಯ್ಯ." ಅವರು ಅಕ್ಕನ ಮುಖ ನೋಡಲಿಲ್ಲ. "ನಿನ್ ಕೈಲಿ ತಟ್ಟೆ ಇತ್ತು. ಬೀದಿಯೋರು ನೋಡ್ತಾರೆ, ಏನಾದ್ರೂ ಅಂತಾರೆ, ನೀನು ನೊಂದ್ಕೋತೀಯ ಅಂತ. ನೀನು ಬರೋದ್ಕೆ ಮುಂಚೇನೇ ಇಳಿಸ್ಬಿಟ್ಟಿದ್ದೆ."

ಷಟರ್ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಬಾಗಿಲಾಗಿದ್ದರೆ ಅರ್ಧ ಮುಚ್ಚಿದರೂ ಮೇಲಿನವರೆಗೆ ಸಂದು ಇರುತ್ತಿತ್ತು. ಅರ್ಧ ಇಳಿಸಿದ ಷಟರ್ ಮೇಲ್ಭಾಗವನ್ನೇ ಮುಚ್ಚುತ್ತದೆ, ಹಗುರವಾದದ್ದು ಹೋಗಬೇಕಾದ ದಾರಿಯನ್ನೇ. ಮಗಳು ಇದನ್ನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಹೊಸ ಷಟರಿನ ಕಡೆ ಒಮ್ಮೆ ನೋಡಿದಳು. ನಾವೂ ನೋಡಿದೆವು.

ಅಕ್ಕ ಅಂದರು: "ಅಂಗಾದ್ರೂ ನನ್ನಿಂದ್ಲೇ ಆಯ್ತಲ್ಲೋ. ನನ್ನ ಮರೆ ಮಾಡಾಕೋಗಿ ಕಣ್ಣು ಕಳ್ಕಂಡೆ."

"ನಿನ್ನಿಂದಲ್ಲ ಅಕ್ಕಯ್ಯ. ಮುಚ್ಚಿದ್ರಿಂದ."

ಅಕ್ಕ ಅಂಗಳಕ್ಕೆ ಹೋಗಿ ಕಲ್ಲಿನ ಮುಂದೆ ಕೂತರು. ನಾವು ಊಟ ಮಾಡಿದೆವು. ಅವರನ್ನು ಕರೆದರೆ ಆಮೇಲೆ ಎಂದರು. ಬೂದಿಕೋಟೆಯ ಬಸ್ಸು ಹಾರನ್ ಹೊಡೆದುಕೊಂಡು ಮನೆ ಮುಂದಿನ ರಸ್ತೆಯಲ್ಲೇ ಹೋಯಿತು. ಕುಟ್ಟುವ ಸದ್ದು ನಿಲ್ಲಲಿಲ್ಲ. ಸಂಜೆ ನಾನು ಗೋಣಿಚೀಲ ಮಡಿಸಲು ಹೋದಾಗ ಬಟ್ಟೆಚೀಲ ಅಲ್ಲೇ ಗೋಡೆಗೆ ಒರಗಿತ್ತು, ಕಟ್ಟಿದ ದಾರ ಬಿಚ್ಚಿರಲಿಲ್ಲ. ಅವರು ಉಳಿಯುತ್ತಾರೋ, ಬೆಳಗಿನ ಬಸ್ಸಿಗೆ ಹೋಗುತ್ತಾರೋ ಎಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ.

ಶುಕ್ರವಾರ ಬೆಳಿಗ್ಗೆ ನಾನು ತಟ್ಟೆ ಬೆಳಗಿ, ಅರಿಶಿನ ಕುಂಕುಮ, ಹೂ, ಕರ್ಪೂರ ಇಟ್ಟು ಅಡುಗೆಮನೆಯ ಕಟ್ಟೆಯ ಮೇಲೆ ಬಿಟ್ಟು ಸ್ನಾನಕ್ಕೆ ಹೋದೆ. ಬಂದು ನೋಡಿದರೆ ತಟ್ಟೆ ಇರಲಿಲ್ಲ.

ಅಕ್ಕ ಅಂಗಡಿಯ ಮುಂದೆ ನಿಂತಿದ್ದರು. ತಟ್ಟೆ ಅವರ ಕೈಯಲ್ಲಿತ್ತು. ಕರ್ಪೂರ ಇನ್ನೂ ಹಚ್ಚಿರಲಿಲ್ಲ. ಷಟರ್ ಎದೆಮಟ್ಟಕ್ಕೆ ಎದ್ದು ನಿಂತಿತ್ತು. ನಮ್ಮ ಮನೆಯವರು ಒಳಗೆ ಬಗ್ಗಿ ನೆಲ ಒರೆಸುತ್ತಿದ್ದರು.

"ಲೋ, ಚಾರ್ಜ್ ಮಿಷಿನ್ ಆಫ್ ಮಾಡೀಯೇನ್ಲಾ?" ಅಕ್ಕನ ದನಿ ರಸ್ತೆಗೆ ಕೇಳಿಸುವಷ್ಟಿತ್ತು.

"ರಾತ್ರೀನೇ ಮಾಡೀನಿ ಅಕ್ಕಯ್ಯ."

"ಮುಚ್ಚಳ ಎಲ್ಲಾ ಆಕೈತಾ?"

"ಆಕೀನಿ."

"ಅಂಗಾದ್ರೆ ಇದ್ಯಾಕೆ ಅರ್ಧಕ್ಕೇ ನಿಂತೈತೆ?"

ನಮ್ಮ ಮನೆಯವರು ಈಚೆ ಬಂದರು. ಎಡಗಣ್ಣು ಕಾಣದ ಅವರಿಗೆ ಷಟರಿನ ಆ ಬದಿಯ ಹಿಡಿ ಸಿಗುವುದು ಕಷ್ಟ. ಮಗಳು ಆ ಬದಿ ಹಿಡಿದಳು. ಹೊಸ ಷಟರ್ ಬೀದಿಗೆಲ್ಲ ಕೇಳಿಸುವ ಹಾಗೆ ಗಡಗಡನೆ ತುತ್ತತುದಿಗೆ ಹೋಯಿತು. ಎದುರಿನ ಟೀ ಅಂಗಡಿಯವರು, ಸ್ಟೇಷನ್ನಿಗೆ ಹೊರಟವರು, ಎಲ್ಲರೂ ತಿರುಗಿ ನೋಡಿದರು. ಅಕ್ಕನೂ ಅವರ ಕಡೆ ಒಂದು ಸಲ ನೋಡಿದರು. ಆಮೇಲೆ ತಟ್ಟೆಯನ್ನು ಒಳಗೆ ಒಯ್ಯದೆ, ಮೆಟ್ಟಿಲ ಕೆಳಗೆ, ಬಯಲಿನಲ್ಲೇ ನಿಂತು ಕರ್ಪೂರ ಹಚ್ಚಿದರು. ಅಲ್ಲಿಂದಲೇ ಅಂಗಡಿಗೆ ಆರತಿ ಎತ್ತಿದರು. ಹೊಗೆ ನೆಟ್ಟಗೆ ಮೇಲಕ್ಕೆ ಹೋಯಿತು.

ನಾವೆಲ್ಲ ಕೈಮುಗಿದೆವು. ಕರ್ಪೂರ ಉರಿದು ಕಪ್ಪು ಚುಕ್ಕೆಯಾದಾಗ ನಾನು ಅಭ್ಯಾಸದಂತೆ, "ದೊಡ್ಡದಾಯ್ತು ಅಕ್ಕ, ಒಳಗೆ ಇಡಿ," ಎಂದೆ.

ಅಕ್ಕ ತಟ್ಟೆಯ ಮೇಲೆ ಅಂಗೈ ಹಿಡಿದು ನೋಡಿದರು, ಹಿಂದಿನ ದಿನ ಮುಚ್ಚಳದ ಮೇಲೆ ಹಿಡಿದ ಹಾಗೆಯೇ.

"ಬೆಂಕಿ ಆರ್ತು ಕಣ್ಲಾ," ಎಂದರು ತಮ್ಮನಿಗೆ. "ಈಗ ಮಿಷಿನ್ ಆಕು."